ಖಾಲಿ ಕಂಡಿಕೆಯ ಮೊದಲ ಸುತ್ತು

ನನ್ನ ನೆನಪಿನಲ್ಲಿ ನೂಲು ಸುತ್ತುವ ಆ ರಾಟೆ ಎರಡು ಕಡೆ ಇದೆ. ಒಂದು ಕಡೆ ಮಗ್ಗದ ಕೋಣೆಯ ಮೂಲೆಯಲ್ಲಿ, ಗಂಜಿಯ ಹುಳಿ ವಾಸನೆಯ ನಡುವೆ. ಇನ್ನೊಂದು ಕಡೆ ಹೊರಗಿನ ಜಗಲಿಯ ಮೇಲೆ, ಎಳೆಬಿಸಿಲಿನಲ್ಲಿ. ಮನೆಯಲ್ಲಿ ಇದ್ದದ್ದು ಒಂದೇ ರಾಟೆ. ಅದನ್ನು ದಿನವೂ ಒಳಗೂ ಹೊರಗೂ ಎತ್ತಿಡುವ ಸ್ಥಿತಿಯಲ್ಲಿ ಅಮ್ಮ ಇರಲಿಲ್ಲ. ಆದ್ದರಿಂದ ಎರಡರಲ್ಲಿ ಒಂದು ಸುಳ್ಳು. ಬಿಸಿಲಿನದೇ ಸುಳ್ಳಿರಬೇಕು. ಬಿಸಿಲು ನೋಡಲು ಚೆನ್ನಾಗಿರುತ್ತದೆ, ನೆನಪು ಚೆನ್ನಾಗಿರುವುದನ್ನು ಆರಿಸಿ ಇಟ್ಟುಕೊಳ್ಳುತ್ತದೆ. ನಾನು ಮೂಲೆಯದನ್ನು ಇಟ್ಟುಕೊಂಡು ಬರೆಯುತ್ತೇನೆ.

ಯುದ್ಧದ ಕಾಲ ಅದು. ಬೂದಿಕೋಟೆಗೆ ಒಂದು ಹರದಾರಿ ದೂರದ ನಮ್ಮ ಊರಿನಲ್ಲಿ ನೇಯುವವರ ಬೀದಿಯೊಂದಿತ್ತು. ಅರ್ಧಕ್ಕರ್ಧ ಮಗ್ಗಗಳು ಸುಮ್ಮನಾಗಿದ್ದವು, ನೂಲು ಸಿಗುತ್ತಿರಲಿಲ್ಲ. ಅಪ್ಪ ಬಂಗಾರಪೇಟೆಗೆ ನಡೆದು ಹೋಗಿ, ನೂಲಿನ ಅಂಗಡಿಯ ಮುಂದೆ ಹೊತ್ತು ನೆತ್ತಿಗೆ ಬರುವವರೆಗೆ ಕೂತು, ಕೊಟ್ಟಷ್ಟು ಲಡಿಗಳನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದ. ನನ್ನ ಗಂಡನ ಮನೆಯವರೂ ನೇಯುವವರೇ. ಅವರು ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿ, ಉರಿಗಾಂಗೆ ಹೋಗಿ ಚಿನ್ನದ ಗಣಿಯ ಕೆಲಸಕ್ಕೆ ಸೇರಿದ್ದರು. ಅಲ್ಲಿನ ಕೂಲಿ ಲೈನಿನ ತಟ್ಟಿ ಗೋಡೆಯ ಮನೆಯಿಂದ ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದೆ. ಆಗ ನನಗೆ ಏಳು ತಿಂಗಳು ತುಂಬಿತ್ತು.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದಳು, ನನಗೆಂದು ಏನನ್ನೋ ಬಚ್ಚಿಟ್ಟುಕೊಂಡವಳ ಹಾಗೆ. ಬಾಯಿ ಎಡಕ್ಕೆ ಎಳೆದುಕೊಂಡಿತ್ತು.

"ಏನಮ್ಮಿ ಅಂಗ್ ನೋಡ್ತೀಯ? ಅರ್ಧ ಮುಖ ನಿಮ್ಮಪ್ಪನ ಮೇಲೆ ಮುನಿಸ್ಕೊಂಡೈತೆ. ಇನ್ನರ್ಧ ರಾಜಿಯಾಗೈತೆ. ಒಳಕ್ ಬಾ."

ಅಪ್ಪ ಗಾಡಿಯಿಂದ ನನ್ನ ಗಂಟು ಇಳಿಸುತ್ತ, ನನ್ನ ಮುಖ ನೋಡದೆ ಹೇಳಿದ: "ಲಕ್ವ ಒಡೀತು ಕಣಮ್ಮ. ರಾಟೆ ಮುಂದೆ ಕೂತೋಳು ಅಂಗೇ ವಾಲ್ಬುಟ್ಲು. ನಿಂಗೆ ಏಳಿ ಕಳಿಸ್ಬೇಡ ಅಂದ್ಲು. ಬಸುರಿ, ಎದರ್ಕೊಂತಾಳೆ ಅಂತ."

ಅಮ್ಮನ ಬಲಗೈ ಹೋಗಿತ್ತು. ಕಾಲು ಎಳೆದುಕೊಂಡಾದರೂ ನಡೆಯುತ್ತಿತ್ತು, ಕೈ ಮಾತ್ರ ಭುಜದಿಂದ ಜೋತು ಬಿದ್ದಿತ್ತು. ಆ ಸಂಜೆ ಅವಳು ನನ್ನ ಹೊಟ್ಟೆಯ ಮೇಲೆ ಎಡಗೈ ಇಟ್ಟು, ಕೂಸು ಒದೆಯುವುದನ್ನು ಕಾದು, ಒದ್ದ ಮೇಲೆ ಕೈ ತೆಗೆದಳು. "ಇದು ಈಚೆ ಬರೋದ್ರೊಳ್ಗೆ ಆ ಕೈ ಬರ್ಬೇಕು. ಬತ್ತದೆ ಬಿಡು. ನನ್ ಮೊಮ್ಮಗೂಗೆ ನಾನೇ ನೀರಾಕ್ಬೇಕು."

ಇದೊಂದು ಮಾತು ನನ್ನ ನೆನಪಿನಲ್ಲಿ ಎರಡು ಥರ ಇಲ್ಲ. ಒಂದೇ ಥರ ಇದೆ.

ನಮ್ಮ ಮನೆಗಳಲ್ಲಿ ಕೂಸಿಗೆ ನೀರು ಹಾಕುವುದು ಬಾಣಂತಿಯ ತಾಯಿ. ಅವಳು ನೆಲದ ಮೇಲೆ ಕೂತು ಎರಡೂ ಕಾಲು ಚಾಚಿ, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಮೂಗು ತಲೆ ನೀವಿ ಆಕಾರ ತರುತ್ತಾಳೆ. ಎರಡು ಕೈ ಬೇಕು. ಅದಕ್ಕಿಂತ ಹೆಚ್ಚಾಗಿ ಬಲಗೈ ಬೇಕು. ಕೊಡುವುದು, ತೆಗೆದುಕೊಳ್ಳುವುದು, ಅರಿಸಿನ ಹಚ್ಚುವುದು ಎಲ್ಲ ಬಲಗೈಯಲ್ಲಿ. ಎಡಗೈ ತೊಳೆಯುವುದಕ್ಕೆ ಇರುವುದು. ಹೊಸ ಜೀವವನ್ನು ಮೊದಲ ಸಲ ಎಡಗೈಯಲ್ಲಿ ಎತ್ತಿಕೊಳ್ಳುವುದನ್ನು ಅಮ್ಮನಿಗೆ ಯೋಚಿಸಲೂ ಆಗುತ್ತಿರಲಿಲ್ಲ. ಈಗ ಬರೆಯುವಾಗ ಇದು ಸಣ್ಣ ವಿಷಯವೆಂದು ಕಾಣಬಹುದು. ಆ ಮನೆಯಲ್ಲಿ ಅದು ಸಣ್ಣದಾಗಿರಲಿಲ್ಲ.

ಎಣ್ಣೆ ತಿಕ್ಕಿದರು. ಪಕ್ಕದ ಮನೆಯ ಸೂಲಗಿತ್ತಿ ಯಾವುದೋ ಸೊಪ್ಪು ಅರೆದು ಕಟ್ಟಿದಳು. ಪಾರಿವಾಳದ ರಕ್ತ ಹಚ್ಚಿದರೆ ಕೈ ಏಳುತ್ತದೆಂದು ಯಾರೋ ಹೇಳಿದರು, ಅದನ್ನೂ ಹಚ್ಚಿದರು. ಅಮ್ಮನಿಗೆ ಇದಾವುದರಲ್ಲೂ ನಂಬಿಕೆ ಇರಲಿಲ್ಲ. ಅವಳಿಗೆ ನಂಬಿಕೆ ಇದ್ದದ್ದು ರಾಟೆಯಲ್ಲಿ. "ಈ ಕೈ ಮೂವತ್ತೊರ್ಸ ಅದ್ರ ಜತೇಲೇ ಬಾಳ್ವೆ ಮಾಡೈತೆ. ಅದ್ ಕರೆದ್ರೆ ಬತ್ತದೆ."

ಕಂಡಿಕೆ ಎಂದರೆ ಕಿರುಬೆರಳಿನಷ್ಟು ಉದ್ದದ ಬಿದಿರಿನ ಕೊಳವೆ. ಅದರ ಮೇಲೆ ನೂಲು ಸುತ್ತಿ ಲಾಳಿಯ ಹೊಟ್ಟೆಯೊಳಗೆ ಕೂರಿಸುತ್ತಾರೆ. ಲಾಳಿ ಮಗ್ಗದ ಈ ಅಂಚಿನಿಂದ ಆ ಅಂಚಿಗೆ ಓಡುವಾಗ ನೂಲು ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಸುತ್ತುವುದು ಹೆಂಗಸರ ಕೆಲಸ, ನೇಯುವುದು ಗಂಡಸರದು. ಸುತ್ತುವುದು ಕಷ್ಟವಲ್ಲ, ಹತ್ತಿಸುವುದು ಕಷ್ಟ. ಖಾಲಿ ಕಂಡಿಕೆ ನುಣ್ಣಗಿರುತ್ತದೆ, ಅದಕ್ಕೆ ನೂಲು ಬೇಕಾಗಿರುವುದಿಲ್ಲ. ರಾಟೆಯ ಕದಿರಿಗೆ, ಆ ಕಬ್ಬಿಣದ ಕಡ್ಡಿಗೆ, ಕೊಳವೆ ಸಿಕ್ಕಿಸಿ, ನೂಲಿನ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಎಡಗೈಯ ಹೆಬ್ಬೆರಳಿನಿಂದ ಕೊಳವೆಗೆ ಒತ್ತಿ ಹಿಡಿಯಬೇಕು. ಬಲಗೈ ರಾಟೆಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಬೇಕು, ಆಮೇಲೆ ಮುಂದಕ್ಕೆ, ನಿಧಾನವಾಗಿ, ಉಸಿರು ಬಿಟ್ಟಷ್ಟು ನಿಧಾನವಾಗಿ. ಹಿಂದಿನಿಂದ ಬರುವ ಸುತ್ತುಗಳು ಮೊದಲ ತುದಿಯ ಮೇಲೆ ಕೂತು ಅದನ್ನು ಹಿಡಿದುಕೊಳ್ಳುತ್ತವೆ. ಗಂಟು ಹಾಕಬಾರದು. ಗಂಟು ಹಾಕಿದರೆ ಸುಲಭ, ಆದರೆ ನೂಲು ಮುಗಿಯುವಾಗ ಆ ತುದಿ ಜಾರಿ ಹೊರಗೆ ಬರುವುದಿಲ್ಲ. ಓಡುವ ಲಾಳಿ ಜಗ್ಗುತ್ತದೆ, ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಪಟಪಟ ಹರಿಯುತ್ತವೆ.

ಒಮ್ಮೆ ನೂಲು ಹತ್ತಿತೆಂದರೆ ಮುಂದೆ ರಾಟೆಯನ್ನು ಮೊಣಕೈಯಿಂದ ನೂಕಿದರೂ ತಿರುಗುತ್ತದೆ. ಮೊದಲ ನಾಲ್ಕು ಸುತ್ತಿಗೆ ಮಾತ್ರ ಕೈಯೊಳಗೆ ಜೀವ ಬೇಕು. ಅಮ್ಮನ ಎಡಗೈ ತನ್ನ ಪಾಲಿನದನ್ನೆಲ್ಲ ಸರಿಯಾಗಿ ಮಾಡುತ್ತಿತ್ತು. ಆಮೇಲೆ ಅದೇ ಎಡಗೈಯಿಂದ ಬಲಗೈಯನ್ನು ಎತ್ತಿ ತಂದು, ಬೆರಳುಗಳನ್ನು ಒಂದೊಂದಾಗಿ ರಾಟೆಯ ಹಿಡಿಯ ಮೇಲೆ ಮಡಿಸುತ್ತಿದ್ದಳು. ಅಷ್ಟರಲ್ಲಿ ನೂಲಿನ ತುದಿ ಒಣಗಿರುತ್ತಿತ್ತು. ಮತ್ತೆ ಒದ್ದೆ ಮಾಡಿ ಒತ್ತುವಷ್ಟರಲ್ಲಿ ಬೆರಳುಗಳು ಹಿಡಿಯಿಂದ ಜಾರಿರುತ್ತಿದ್ದವು. ಭುಜದಿಂದ ಕೈಯನ್ನು ಬೀಸಿದರೆ ರಾಟೆ ರಪ್ಪನೆ ತಿರುಗಿ ನೂಲು ಕಿತ್ತುಹೋಗುತ್ತಿತ್ತು.

ಅವಳು ಕೈಯನ್ನು ಬೈಯುತ್ತಿದ್ದಳು. "ಎದ್ದೇಳೇ ರಂಡೆ. ತವರ್ಮನೇಲಿದ್ದಂಗೆ ಮಲ್ಗವ್ಳೆ ನೋಡು." ಒಂದೊಂದು ಸಲ ಮುದ್ದು ಮಾಡುತ್ತಿದ್ದಳು. "ಒಂದ್ ಸುತ್ತು ಕಣೆ. ಒಂದೇ ಒಂದು. ಆಮ್ಯಾಕ್ ಮಲ್ಕೋವಂತೆ."

ನಾನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಬಸುರಿ ರಾಟೆ ಮುಟ್ಟುವಂತಿಲ್ಲ. ಹೊರಗೆ ನೂಲು ಸುತ್ತಿದರೆ ಒಳಗೆ ಕರುಳಬಳ್ಳಿ ಕೂಸಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಎಂಬುದು ನಮ್ಮವರ ನಂಬಿಕೆ. ಅಪ್ಪನ ಮಗ್ಗಕ್ಕೆ ಬೇಕಾದ ಕಂಡಿಕೆಗಳನ್ನು ಬೀದಿಯ ಕೊನೆಯ ಮನೆಯವರು ತಮ್ಮದರ ಜೊತೆ ಸುತ್ತಿಕೊಡುತ್ತಿದ್ದರು. ಅಮ್ಮನಿಗೆಂದು ಅಪ್ಪ ಒಂದು ಲಡಿ ಬಿಟ್ಟುಕೊಟ್ಟಿದ್ದ. ನೂಲೇ ಇಲ್ಲದ ಕಾಲದಲ್ಲಿ ಒಂದು ಇಡೀ ಲಡಿ. ಅದೇ ನೂಲನ್ನು ಅವಳು ದಿನವೂ ಒದ್ದೆ ಮಾಡಿ, ಒತ್ತಿ, ಹರಿದು, ಮತ್ತೆ ಹೊಸೆದು ಕೂಡಿಸಿ, ಕೊನೆಗೆ ಅದು ಎದ್ದ ನಾರಿನಿಂದ ಕಂಬಳಿಹುಳುವಿನ ಹಾಗಾಗಿತ್ತು.

ಒಂದು ದಿನ ಅಪ್ಪ ತಡೆಯಲಾರದೆ, ಕಾಲಿಳಿಸಿ ಕೂರುವ ಮಗ್ಗದ ಗುಣಿಯಿಂದ ಮೇಲೆ ಬಂದು, ರಾಟೆಯ ಹಿಡಿಯನ್ನು ತಾನೇ ಹಿಡಿದು ಅರ್ಧ ಸುತ್ತು ಹಿಂದಕ್ಕೆ, ಆಮೇಲೆ ಮುಂದಕ್ಕೆ ತಿರುಗಿಸಿದ. ಅಮ್ಮನ ಎಡಗೈ ತನ್ನ ಕೆಲಸ ಮಾಡಿತು. ನೂಲು ಹತ್ತಿತು.

"ನೋಡು, ನೀನೇ ಅತ್ತಿಸ್ಬುಟ್ಟೆ!" ಎಂದ ಅಪ್ಪ.

ಅಮ್ಮ ಕಂಡಿಕೆಯನ್ನು ಕದಿರಿನಿಂದ ಕಿತ್ತು, ಸುತ್ತುಗಳನ್ನು ಬಿಚ್ಚಿ ಕೆಳಗೆ ಹಾಕಿದಳು. "ಇದು ನಿನ್ ಕೈ ಕಣಯ್ಯ. ಕೂಸು ನಿನ್ ಕೈಗ್ ಬರ್ತದಾ, ನನ್ ಕೈಗ್ ಬರ್ತದಾ?"

ಕೂಸು ಬಂತು. ಕೈ ಬರಲಿಲ್ಲ.

ಹೆಣ್ಣು ಮಗು. ಹೆರಿಗೆಯ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ, ನೆನಪಿದೆಯೆಂದು ಹೇಳುವವರನ್ನು ನಾನು ನಂಬುವುದೂ ಇಲ್ಲ. ಸೂಲಗಿತ್ತಿ ಕೂಸನ್ನು ಹಳೆ ಪಂಚೆಯಲ್ಲಿ ಸುತ್ತಿ ಅಮ್ಮನ ಮುಂದೆ ಹಿಡಿದದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಆಕೆ ತೆಲುಗು ಸೀಮೆಯಿಂದ ಬಂದ ಮುದುಕಿ, ಎರಡೂ ಭಾಷೆ ಕಲೆಸಿ ಮಾತಾಡುತ್ತಿದ್ದಳು. "ದಾ ತಲ್ಲೀ, ನಿನ್ ಮೊಮ್ಮಗಳ್ನ ಈಸ್ಕೋ. ನಿನ್ ಮೂಗೇ ತಗೊಂಡ್ ಬಂದೈತೆ, ಪಾಪ."

ಅಮ್ಮ ಎಡಗೈ ಎತ್ತಿದಳು. ಅರ್ಧಕ್ಕೆ ಎತ್ತಿ, ತನ್ನ ಸೆರಗನ್ನು ಸರಿಮಾಡಿಕೊಂಡು ಇಳಿಸಿದಳು.

"ಇವತ್ತು ಬ್ಯಾಡ. ಕೈ ಬರ್ಲಿ."

"ಎಡಗೈಯಾದ್ರೇನಮ್ಮಾ? ಇದೇನ್ ಮಂಗಳಾರತಿಯಾ?"

"ನಿಂಗೆ ನೂರು ಮನೆ ಕೂಸು. ನಂಗೆ ಇದೊಂದೇ. ಎಡಗೈಲಿ ಈಸ್ಕೊಂಡ್ಲು ಅಂತ ಅನ್ನಿಸ್ಕೊಳಾಕಾ? ನೀನೇ ನೀರಾಕು, ಒಸಿ ದಿನ. ಆಮ್ಯಾಕ್ ನಾನ್ ಬತ್ತೀನಿ."

ಸೂಲಗಿತ್ತಿಯೇ ದಿನವೂ ಬಂದು ನೀರು ಹಾಕಿದಳು. ಹಿತ್ತಿಲ ಬಚ್ಚಲಲ್ಲಿ ಕೂಸು ಕಿರುಚುವಾಗ ಅಮ್ಮ ರಾಟೆಯ ಮುಂದೆ ಕೂತಿರುತ್ತಿದ್ದಳು. ಅಲ್ಲಿಂದಲೇ ಕೂಗುತ್ತಿದ್ದಳು: "ಕಿವೀಗ್ ನೀರ್ ಬಿಡ್ಬ್ಯಾಡ! ತೊಡೆ ಸಂದೀಲಿ ಎಣ್ಣೆ ತಿಕ್ಕು! ನೀರೇನ್ ಕೆಂಡದಂಗ್ ಕಾಸಿದ್ದೀಯಾ, ಅದೇನ್ ಕೋಳಿ ಪುಕ್ಕ ತರಿಯೋದಾ?" ಸೂಲಗಿತ್ತಿ ತಿರುಗಿ ಕೂಗುತ್ತಿದ್ದಳು: "ಕೂತ್ಕೊಂಡ್ ಹೇಳೋಕೆ ನೀನೇನ್ ರಾಣೀನಾ, ಎದ್ದ್ ಬಂದ್ ಮಾಡು!" ಇಬ್ಬರೂ ನಗುತ್ತಿದ್ದರು. ಆಮೇಲೆ ನಗು ಒಂದೇ ಕಡೆಯಿಂದ ನಿಲ್ಲುತ್ತಿತ್ತು.

ಇಲ್ಲಿ ನನ್ನ ನೆನಪು ಒಂದು ಕೆಲಸ ಮಾಡುತ್ತದೆ. ರಾಟೆಯ ಮುಂದೆ ಕೂತ ಅಮ್ಮನನ್ನು ನೆನೆದಾಗಲೆಲ್ಲ ಅವಳ ಮಡಿಲಲ್ಲಿ ಕೂಸು ಇರುತ್ತದೆ. ಬಿಸಿಲೂ ಇರುತ್ತದೆ. ನಾನು ಮೊದಲು ಬಿಸಿಲನ್ನು ತೆಗೆಯುತ್ತೇನೆ. ಆಮೇಲೆ ಕೂಸನ್ನು ಅವಳ ಮಡಿಲಿನಿಂದ ಎತ್ತುತ್ತೇನೆ. ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಎತ್ತಿದ್ದೇನೋ. ಮುಂದಿನ ಸಲ ನೋಡಿದರೆ ಅದು ಮತ್ತೆ ಅಲ್ಲೇ ಮಲಗಿರುತ್ತದೆ.

ಅವಳು ಕೂಸನ್ನು ನೋಡುತ್ತಿರಲಿಲ್ಲ ಎಂದಲ್ಲ. ತೊಟ್ಟಿಲಿನ ಪಕ್ಕ ಕೂತು ಬಗ್ಗಿ ಬಗ್ಗಿ ನೋಡುತ್ತಿದ್ದಳು. ಮಾತಾಡಿಸುತ್ತಿದ್ದಳು. ತೊಟ್ಟಿಲಿನ ಹಗ್ಗವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ತೂಗುತ್ತಿದ್ದಳು. ಮುಟ್ಟುತ್ತಿರಲಿಲ್ಲ. ನಾನು ಒಂದೆರಡು ಸಲ ಸುಮ್ಮನೆ ಕೂಸನ್ನು ಅವಳ ತೊಡೆಯ ಹತ್ತಿರ ತಂದೆ. ಅವಳು ಹಿಂದಕ್ಕೆ ಸರಿದಳು. "ಬಿದ್ದೋದ್ರೆ?" ಎಂದಳು. ಆಗ ನನಗೆ ತಿಳಿಯಿತು, ಶಾಸ್ತ್ರ ಮುಂದೆ ಇತ್ತು, ಅದರ ಹಿಂದೆ ಹೆದರಿಕೆ ಇತ್ತು. ಕಂಡಿಕೆ ಹಿಡಿಯದ ಕೈಗೆ ಕೂಸನ್ನು ಕೊಡಲು ಅವಳಿಗೇ ಧೈರ್ಯವಿರಲಿಲ್ಲ.

ಲಕ್ವ ಕೈಯನ್ನಷ್ಟೇ ತೆಗೆದುಕೊಂಡಿರಲಿಲ್ಲ. ಅಮ್ಮ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಎದ್ದ ಮೇಲೆ ಮುಂಚಿನದು ಗೊತ್ತಿರುತ್ತಿರಲಿಲ್ಲ. "ನಾನ್ ಉಂಡ್ನಾ?" ಎಂದು ಕೇಳುತ್ತಿದ್ದಳು. ಉಂಡೆ ಎಂದರೆ ಒಪ್ಪುತ್ತಿದ್ದಳು. ನಾವು ಹೇಳಿದ್ದೇ ಅವಳಿಗೆ ನಡೆದದ್ದು. ಅಪ್ಪ ಇದನ್ನು ಗಮನಿಸಿ ಇಟ್ಟುಕೊಂಡಿದ್ದ.

ಕೂಸಿಗೆ ಮೂರು ತಿಂಗಳು ತುಂಬುತ್ತಿದ್ದ ಹಾಗೆ ಉರಿಗಾಂನಿಂದ ನನ್ನ ಗಂಡ ಹೇಳಿ ಕಳಿಸಿದ, ಬರುವ ಸೋಮವಾರ ಬಂಗಾರಪೇಟೆ ಸ್ಟೇಷನ್ನಿಗೆ ಬಂದಿರುತ್ತೇನೆ, ಕೂಸನ್ನು ಕರೆದುಕೊಂಡು ಬಾ ಎಂದು. ಅಮ್ಮ ಆ ದಿನದಿಂದ ಊಟಕ್ಕೂ ರಾಟೆಯ ಮುಂದಿನಿಂದ ಏಳಲಿಲ್ಲ.

ಆ ವಾರದ ಒಂದು ಮಧ್ಯಾಹ್ನ ಅವಳು ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಎಡಗೈಯಲ್ಲಿ ನೂಲು ಹಾಗೇ ಇತ್ತು. ನಾನು ಆ ಬದಿಯ ಚಾಪೆಯ ಮೇಲೆ ಕೂಸಿಗೆ ಹಾಲು ಕುಡಿಸುತ್ತಿದ್ದೆ. ಅಪ್ಪ ಮಗ್ಗ ನಿಲ್ಲಿಸಿ ಗುಣಿಯಿಂದ ಮೇಲೆ ಬಂದ. ಅವಳ ಬೆರಳುಗಳಿಂದ ನೂಲು ಬಿಡಿಸಿದ. ಸದ್ದಾಗದ ಹಾಗೆ ರಾಟೆಯನ್ನು ಎಳೆದುಕೊಂಡು, ನನಗೆ ಬೆನ್ನು ಹಾಕಿ ಕೂತ.

ಹುಟ್ಟಿದಾಗಿನಿಂದ ನೂಲಿನ ನಡುವೆ ಬೆಳೆದ ಮನುಷ್ಯ. ಆದರೆ ಅವನ ಕೈಗೆ ಕಂಡಿಕೆ ಬರುತ್ತಿದ್ದದ್ದು ತುಂಬಿದ ಮೇಲೆ. ತುಂಬಿದ ಕಂಡಿಕೆ ಹೇಗಿರಬೇಕೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಖಾಲಿ ಕಂಡಿಕೆ ಅವನಿಗೆ ಗೊತ್ತಿರಲಿಲ್ಲ. ನೂಲು ಹತ್ತಲಿಲ್ಲ. ಕೊಳವೆ ಬರಿದೇ ಗಿರ್ರೆಂದು ತಿರುಗಿತು. ಮತ್ತೆ ಒದ್ದೆ ಮಾಡಿದ, ಮತ್ತೆ ಜಾರಿತು. ಕತ್ತು ತಿರುಗಿಸಿ ನನ್ನ ಕಡೆ ನೋಡಿದ. ನಾನು ಬಾಯಿ ಬಿಟ್ಟರೆ ಅಮ್ಮ ಏಳುತ್ತಾಳೆ, ಎದ್ದು ಹೋದರೆ ಹಾಲು ಕುಡಿಯುತ್ತಿದ್ದ ಕೂಸು ಅಳುತ್ತದೆ. ಹೆಬ್ಬೆರಳನ್ನು ಹೀಗೆ ಒತ್ತು ಎಂದು ಸನ್ನೆ ಮಾಡಿದೆ. ಅವನಿಗೆ ಅರ್ಥವಾಗಲಿಲ್ಲ. ಬಗ್ಗಿ ಎರಡೂ ಕೈಯಲ್ಲಿ ಏನೋ ಮಾಡಿದ. ಆಮೇಲೆ ರಾಟೆ ತಿರುಗತೊಡಗಿತು, ಮೆತ್ತಗೆ, ನಿಲ್ಲದೆ.

ಅಮ್ಮ ಎದ್ದಾಗ ರಾಟೆ ಅವಳ ಮುಂದೆಯೇ ಇತ್ತು. ಕದಿರಿನ ಮೇಲೆ ತುಂಬಿದ ಕಂಡಿಕೆ ಇತ್ತು. ಅಪ್ಪ ಗುಣಿಯೊಳಗೆ ಇಳಿದು ಏನೂ ಅರಿಯದವನ ಹಾಗೆ ಕೂತಿದ್ದ.

"ಇದ್ಯಾರು ಸುತ್ತಿದ್ದು?"

"ಇನ್ಯಾರು? ನೀನೇ. ಸುತ್ತಿ ಸುತ್ತಿ ಅಂಗೇ ನಿದ್ದೆ ಓದೆ."

"ನಾನಾ?"

"ನೂಲು ಅತ್ತಿದ್ದನ್ನ ನಾನೇ ನೋಡಿದ್ನಲ್ಲ. ಕೂಗಿದ್ರೆ ಕೈ ನಿಂತೋಗ್ತದೆ ಅಂತ ಸುಮ್ಕಿದ್ದೆ."

ಅವಳು ನನ್ನ ಕಡೆ ತಿರುಗಿದಳು. ನಾನು ತಲೆಯಾಡಿಸಿದೆ.

ಅವಳು ಕಂಡಿಕೆಯನ್ನು ಮುಟ್ಟಲಿಲ್ಲ. ತುಂಬ ಹೊತ್ತು ತನ್ನ ಬಲಗೈಯನ್ನು ನೋಡಿದಳು, ಊರಿಗೆ ಹೋಗಿ ಹೇಳದೆ ಕೇಳದೆ ವಾಪಸು ಬಂದವರನ್ನು ನೋಡುವ ಹಾಗೆ. ಆಮೇಲೆ ಅತ್ತಳು. ಆಮೇಲೆ ಎದ್ದು ಹಿತ್ತಿಲಿಗೆ ಹೋಗಿ ಗೋಡೆಯಾಚೆಗೆ ಕೂಗಿದಳು. "ನಾಳೆಗ್ ನೀನ್ ಬರ್ಬ್ಯಾಡ ಕಣಮ್ಮೋ! ನನ್ ಮೊಮ್ಮಗೂಗೆ ನಾನೇ ನೀರಾಕ್ತೀನಿ!"

ಆ ಸಂಜೆ ಮನೆಯಲ್ಲಿ ಹಬ್ಬದ ಗಡಿಬಿಡಿ ಇತ್ತು. ಬಚ್ಚಲನ್ನು ನನ್ನಿಂದ ತಿಕ್ಕಿಸಿದಳು. ಹರಳೆಣ್ಣೆ ಬಟ್ಟಲಿಗೆ ಬಗ್ಗಿಸಿಟ್ಟಳು. ಈಗಲೇ ಎತ್ತಿಕೊಳ್ಳಮ್ಮ ಎಂದು ನಾನು ಕೂಸನ್ನು ಮುಂದೆ ಮಾಡಿದೆ. ಬೇಡ, ಮೊದಲು ಕಂಡಿಕೆ ಲಾಳಿಯಲ್ಲಿ ಓಡಲಿ, ಓಡಿದರೆ ತಾನೇ ಅದು ಕಂಡಿಕೆ, ಎಂದಳು. ಆ ಸಂಜೆ ಅವಳು ಬಲಗೈಯಿಂದ ನೀರಿನ ಚೊಂಬನ್ನು ನೆಲದಿಂದ ಒಂದು ಗೇಣು ಎತ್ತಿದಳು ಎಂದು ನನಗೆ ನೆನಪಿದೆ. ಎಷ್ಟೋ ಕಾಲದ ಮೇಲೆ ಅಪ್ಪನೂ ಹಾಗೇ ಹೇಳಿದ. ಆದರೆ ನಾವಿಬ್ಬರೂ ಸಾಕ್ಷಿಗೆ ಆಗುವವರಲ್ಲ. ಅದು ಎದ್ದಿರಲೆಂದು ಇಬ್ಬರಿಗೂ ಆಸೆ ಇತ್ತು. ಎದ್ದಿದ್ದರೆ ಮಾರನೆಯ ದಿನದ್ದು ಇನ್ನೂ ಕೆಟ್ಟದ್ದು, ಆದರೂ ಎದ್ದಿರಲೆಂದೇ ಆಸೆ.

ಬೆಳಿಗ್ಗೆ ಹಂಡೆಯ ಕೆಳಗೆ ಉರಿ ಹಾಕಿದೆ. ಅಮ್ಮ ಕಂಡಿಕೆಯನ್ನು ತಂದು ಅಪ್ಪನಿಗೆ ಕೊಟ್ಟು, ಮಗ್ಗದ ಗುಣಿಯ ಅಂಚಿನಲ್ಲೇ ಕೂತಳು. ಅಪ್ಪ ಇದನ್ನು ಎಣಿಸಿರಲಿಲ್ಲ. ನೂಲು ಮುಗಿಯುವುದಕ್ಕೆ ಮುಂಚೆ ಲಾಳಿ ನಿಲ್ಲಿಸಿ, ತುದಿಯನ್ನು ಕತ್ತರಿಸಿ, ಖಾಲಿ ಕಂಡಿಕೆಯನ್ನು ಬುಟ್ಟಿಗೆ ಹಾಕಿಬಿಡೋಣವೆಂದು ಅವನು ಅಂದುಕೊಂಡಿದ್ದನಂತೆ. ಆಮೇಲೆ ನನಗೆ ಹೇಳಿದ್ದು.

ಲಾಳಿ ಓಡಿತು. ಚೆನ್ನಾಗಿಯೇ ಓಡಿತು. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನೇಯುವವರ ಮನೆಯ ಹೆಂಗಸರು ಲಾಳಿಯ ಸದ್ದಿನಲ್ಲೇ ಎಷ್ಟು ನೂಲು ಉಳಿದಿದೆಯೆಂದು ತಿಳಿಯುತ್ತಾರೆ, ತುಂಬಿದ ಲಾಳಿ ದಪ್ಪಗೆ ಬೀಳುತ್ತದೆ, ಬರಿದಾಗುವ ಲಾಳಿ ಟೊಳ್ಳಾಗಿ ಬೀಳುತ್ತದೆ. ಟೊಳ್ಳು ಸದ್ದು ಬರತೊಡಗಿದಾಗ ಅಪ್ಪನ ಕೈ ನಿಧಾನವಾಯಿತು.

"ಯಾಕಯ್ಯ?"

"ಸಾಕು. ಓಡ್ತಲ್ಲ."

"ಇನ್ನೂ ಐತೆ ಒಳ್ಗೆ. ಒಗಿ. ನಂಗೆ ಖಾಲಿ ಕಂಡಿಕೆ ಕೈಗ್ ಕೊಡು."

"ತುದೀಲಿ ನೂಲು ಕೆಟ್ಟೈತೆ ಕಣಮ್ಮಿ..."

"ನಾನ್ ಸುತ್ತಿದ್ ನಂಗ್ ಗೊತ್ತಿಲ್ವಾ? ಒಗಿ ಅಂದ್ರೆ."

ಅಪ್ಪ ಲಾಳಿ ಎಸೆದ. ಅದು ಅರ್ಧ ದಾರಿಯಲ್ಲಿ ಜಗ್ಗಿ ತಲೆಕೆಳಗಾಯಿತು. ಹಾಸಿನ ಎಳೆಗಳು ಹರಿದ ಸದ್ದು ಕೇಳಿತು. ಹಿತ್ತಿಲ ಬಾಗಿಲಲ್ಲಿ ನಾನು ಕೂಸನ್ನು ಎತ್ತಿಕೊಂಡು ನಿಂತಿದ್ದೆ, ಕೂಸಿನ ಮೈಗೆ ಬಟ್ಟೆ ಇರಲಿಲ್ಲ. ನೀರು ಕಾದಿತ್ತು.

ಅಪ್ಪ ಲಾಳಿಯಿಂದ ಕಂಡಿಕೆ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡ. ಅಮ್ಮ ಎಡಗೈ ಚಾಚಿದಳು. ಅವನು ಕೊಡಲಿಲ್ಲ. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಕೊಟ್ಟ. ಅವಳು ಹೆಬ್ಬೆರಳ ಉಗುರಿನಿಂದ ಕೊಳವೆಯ ಬುಡವನ್ನು ಸವರಿದಳು. ಗಂಟು ಅಲ್ಲಿತ್ತು. ಒಂದಲ್ಲ, ಒಂದರ ಮೇಲೊಂದು ಹಾಕಿದ್ದ, ಬಿಚ್ಚಿಹೋಗದಿರಲೆಂದು.

ಅವಳು ಬೈಯುತ್ತಾಳೆಂದು ನಾನು ಕಾದೆ. ಅವಳು ನಕ್ಕಳು, ಇದ್ದ ಅರ್ಧ ಬಾಯಿಯಲ್ಲಿ.

"ನಿಂಗ್ ಇಷ್ಟು ಚೆಂದಾಗ್ ಸುತ್ತಾಕ್ ಬತ್ತದೆ ಅಂತ ಗೊತ್ತಿದ್ರೆ, ಇಷ್ಟು ವರ್ಸ ನಾನ್ಯಾಕಯ್ಯ ಬೆನ್ನು ಮುರ್ಕೊಂತಿದ್ದೆ?"

ಅಪ್ಪ ತಲೆ ಎತ್ತಲಿಲ್ಲ. ಬೆರಳಿಗೆ ಬೂದಿ ಹಚ್ಚಿಕೊಂಡು ಹರಿದ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸತೊಡಗಿದ. ಅಮ್ಮ ಗೋಡೆ ಹಿಡಿದು ಎದ್ದು, ಕಾಲು ಎಳೆದುಕೊಂಡು ಹಿತ್ತಿಲಿಗೆ ಬಂದು, ನನ್ನನ್ನು ದಾಟಿಕೊಂಡು ಹೋಗಿ ಗೋಡೆಯಾಚೆಗೆ ಕೂಗಿದಳು. ಕೂಗು ನಿನ್ನೆಯಷ್ಟೇ ಜೋರಾಗಿತ್ತು.

"ಬಾರಮ್ಮೋ! ಕೂಸ್ಗೆ ನೀರಾಕ್ ಬಾ. ನೀರ್ ಆರೋಗ್ತದೆ."

ಆ ಮೇಲೆ ಅವಳು ರಾಟೆಯ ಮುಂದೆ ಕೂರಲಿಲ್ಲ. ಅಪ್ಪನ ಮೇಲೆ ಸಿಟ್ಟಾಗಲೂ ಇಲ್ಲ, ಅವನಿಗೆ ಎಂದಿನ ಹಾಗೆ ಬಡಿಸಿದಳು, ಎಡಗೈಯಲ್ಲಿ ಸೌಟು ಹಿಡಿದು. ಅನ್ನ ಬಡಿಸಲು ಎಡಗೈಯಾದೀತು ಎಂದು ಅವಳು ಯಾವಾಗ ಒಪ್ಪಿಕೊಂಡಳೋ ನಾನು ಗಮನಿಸಿರಲಿಲ್ಲ. ಕೂಸಿನ ವಿಷಯದಲ್ಲಿ ಒಪ್ಪಿಕೊಳ್ಳಲಿಲ್ಲ. ಒಂದು ಗಂಟಿಗೆ ಇಷ್ಟೆಲ್ಲ ಆಯಿತು ಎಂದು ಬರೆದರೆ ಕಥೆ ಅಚ್ಚುಕಟ್ಟಾಗುತ್ತದೆ. ಆದರೆ ಅಪ್ಪ ಸರಿಯಾಗಿಯೇ ಸುತ್ತಿದ್ದರೂ ಏನಾಗುತ್ತಿತ್ತು? ಅವಳು ಕಾಲು ಚಾಚಿ ಕೂರುತ್ತಿದ್ದಳು, ನಾನು ಕೂಸನ್ನು ಮಲಗಿಸುತ್ತಿದ್ದೆ, ಕೈ ಏಳುತ್ತಿರಲಿಲ್ಲ. ಅಥವಾ ಏಳುತ್ತಿತ್ತೋ. ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದೇ ನನಗೆ ಈಗಲೂ ಅತ್ಯಂತ ಕಷ್ಟದ್ದು.

ಸೋಮವಾರ ಅಪ್ಪ ಗಾಡಿ ತಂದ. ತವರಿಂದ ಹೊರಟ ಮಗಳಿಗೆ ತಾಯಿ ಮಡಿಲು ತುಂಬಬೇಕು. ಸೂಲಗಿತ್ತಿಯೇ ತುಂಬಿದಳು. ಅಕ್ಕಿ, ಬೆಲ್ಲ, ಅರಿಸಿನದ ಕೊಂಬು. ಅಮ್ಮ ಹಿಂದೆ ನಿಂತು "ಇನ್ನೊಂದ್ ಹಿಡಿ ಆಕು, ಅದೇನ್ ನಿನ್ ಮನೆ ಅಕ್ಕಿಯಾ" ಎಂದಳು. ಗಾಡಿ ಹತ್ತುವ ಮುಂಚೆ ಹತ್ತಿರ ಬಂದಳು. ಬಲಗೈ ಸೆರಗಿನೊಳಗೆ, ಎಡಗೈ ಬೆನ್ನ ಹಿಂದೆ. ಕೈಯೇ ಇಲ್ಲದವಳ ಹಾಗೆ ಬಗ್ಗಿ, ನನ್ನ ತೋಳಿನಲ್ಲಿದ್ದ ಕೂಸಿನ ಹೊಟ್ಟೆಗೆ ಮುಖ ಇಟ್ಟಳು. ಎಣ್ಣೆಯ ವಾಸನೆಯನ್ನು ಮೂಸಿದಳು. ಮುಖ ಎತ್ತಿದಾಗ ಕೂಸು ಅಷ್ಟು ಹತ್ತಿರದಿಂದ ಆ ಎಳೆದ ಬಾಯಿಯನ್ನು ನೋಡಿ ಬೆಚ್ಚಿ ಅಳತೊಡಗಿತು.

"ಅಳ್ದೆ ಏನ್ ಮಾಡ್ತದೆ," ಎಂದಳು ಅಮ್ಮ. "ಈ ಮೋರೆ ನೋಡಿದ್ರೆ ನಂಗೇ ಅಳು ಬತ್ತದೆ. ಓಗು. ರೈಲು ಓಗ್ಬುಡ್ತದೆ."

ನಾನು ಮತ್ತೆ ತವರಿಗೆ ಬಂದದ್ದು ಅವಳ ಮಣ್ಣಿಗೆ. ಅದು ಆ ವರ್ಷವೇ. ಅದರ ಬಗ್ಗೆ ಬರೆಯುವುದಿಲ್ಲ, ಅಲ್ಲಿ ಮಣ್ಣು ಹಾಕುವ ಎಲ್ಲರ ಕೈಗಳೂ ಒಂದೇ ಥರ ಇರುತ್ತವೆ.

ಆ ಸೋಮವಾರ ಬಂಗಾರಪೇಟೆಯಲ್ಲಿ ನನ್ನ ಗಂಡ ಕಾದಿದ್ದ. ಮಾರಿಕುಪ್ಪಂ ಕಡೆಯ ರೈಲಿನಲ್ಲಿ ಗಣಿಯವರು ಕಿಕ್ಕಿರಿದಿದ್ದರು. ಕೂಸು ಅಳು ನಿಲ್ಲಿಸಿರಲಿಲ್ಲ. ಗಂಟಿನ ಮೇಲೆ ಮಲಗಿಸಿದರೆ ಕಿರುಚುತ್ತಿತ್ತು, ಎತ್ತಿಕೊಂಡರೆ ಬಿಕ್ಕುತ್ತಿತ್ತು. ಎದುರಿಗೆ ಕೂತಿದ್ದ ತಮಿಳು ಹೆಂಗಸು ಎಲೆ ಅಡಿಕೆ ಜಗಿಯುತ್ತ ತುಂಬ ಹೊತ್ತು ನೋಡಿದಳು. ಆಮೇಲೆ ತನ್ನ ಹರಕು ಕನ್ನಡದಲ್ಲಿ ಕೇಳಿದಳು:

"ತಾಯ್ ಮನೆಯಿಂದ ಬರ್ತೀಯಾ, ನನ್ ಕಣ್ಣೇ?"

"ಹೂಂ."

"ಅದೇ ನೋಡು. ಪಾಟಿ, ಅದೇ ಅಜ್ಜಿ, ಕೆಳಗೇ ಇಟ್ಟಿಲ್ಲ. ಮೂರು ಹೊತ್ತೂ ಕೈಯಲ್ಲೇ ಇಟ್ಕೊಂಡು ಕೆಡಿಸ್ಬಿಟ್ಟವ್ಳೆ. ಈಗ ಅಜ್ಜಿ ಕೈ ಕೇಳ್ತೈತೆ ಮಗು. ಅಲ್ವಾ?"

ನನ್ನ ಗಂಡ ನನ್ನ ಕಡೆ ನೋಡಿದ. ನಾನು ಕೂಸನ್ನು ಭುಜಕ್ಕೆ ಹಾಕಿಕೊಂಡೆ.

"ಹೂಂ," ಎಂದೆ. "ಕೆಳಗೇ ಇಟ್ಟಿಲ್ಲ."